ಹನ್ನೊಂದರಿಂದ ಎರಡರವರೆಗಿನ ಬಿಸಿಲು

ಆ ಬೀದಿಗೆ ಬಿಸಿಲು ಬರುವುದು ದಿನಕ್ಕೆ ಮೂರೇ ಗಂಟೆ. ಹನ್ನೊಂದಕ್ಕೆ ಎಡಸಾಲಿನ ಕಿಟಕಿಗಳ ಮೇಲೆ ಇಳಿಯುತ್ತದೆ, ಮಧ್ಯಾಹ್ನ ಕಲ್ಲುಹಾಸಿನ ಮೇಲೆ ಅಂಗಾತ ಮಲಗುತ್ತದೆ, ಎರಡು ಹೊಡೆಯುವಷ್ಟರಲ್ಲಿ ಬಲಸಾಲಿನ ಗೋಡೆ ಹತ್ತಿ ಹೊರಟುಹೋಗುತ್ತದೆ. ಬಟ್ಟೆ ಒಗೆದು ಬದುಕುವ ಇಪ್ಪತ್ತನಾಲ್ಕು ಮನೆಗಳಿಗೆ ಅದೇ ಗತಿ. ಹಿಂದೆ ಮಾಳಿಗೆಯ ಮೇಲೂ ಬಿಸಿಲಿತ್ತು. ಮನೆಗಳ ಬೆನ್ನಿಗೆ ಏಳಂತಸ್ತಿನ ಹೋಟೆಲು ಎದ್ದ ಮೇಲೆ ಆ ಪಾಲನ್ನು ಅದರ ಈಜುಕೊಳ ಕುಡಿಯುತ್ತಿದೆ.

ಹಾಗಾಗಿ ಬೀದಿಯಲ್ಲಿ ಬಿಸಿಲಿಗೂ ಸರದಿ ಇತ್ತು. ಯಾರ ಬಟ್ಟೆ ಯಾವ ಹೊತ್ತಿಗೆ ಹಗ್ಗ ಏರಬೇಕು ಎಂದು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಸರದಿ ತಪ್ಪಿಸಿದವರ ಮುಖಕ್ಕೆ ಬೀದಿ ವಾರಗಟ್ಟಲೆ ಬಾಗಿಲು ಹಾಕುತ್ತಿತ್ತು. ಒಂದೇ ಒಂದು ವಿನಾಯಿತಿ. ಯಾರದಾದರೂ ಬಟ್ಟೆ ಕೆಟ್ಟರೆ, ಅಂದರೆ ಕಲೆ ಹಿಡಿದೋ ಬಣ್ಣ ತಗಲಿಯೋ ಗಿರಾಕಿ ಕೈತಪ್ಪುವ ಹಾಗಾದರೆ, ಬಿಸಿಲು ಮೊದಲು ಅವರದು. ಅವತ್ತು ಮಿಕ್ಕವರು ಬಾಯಿ ಮುಚ್ಚಿಕೊಂಡು ಒದ್ದೆ ಬಟ್ಟೆ ಕಾವಲು ಕಾಯಬೇಕು.

ಎಡಸಾಲಿನ ನಾಲ್ಕನೇ ಮನೆ ಗಂಜಿಯಕ್ಕನದು. ಹಾಕುವ ಗಂಜಿಯಷ್ಟೇ ಅವಳ ಕತ್ತೂ ಬಿರುಸು ಎಂದು ಬೀದಿಯವರು ಇಟ್ಟ ಹೆಸರು ಅದು. ಮದುವೆಯಾಗಿ ಬಂದು ಇಪ್ಪತ್ತು ವರ್ಷ, ಇಪ್ಪತ್ತು ವರ್ಷವೂ ದೊಡ್ಡಾಸ್ಪತ್ರೆಯ ಬಿಳಿ ಹಾಸುಬಟ್ಟೆ ಬಿಟ್ಟು ಇನ್ನೊಂದನ್ನು ಒಗೆದವಳಲ್ಲ. ಗಂಡ ಗಾಡಿಯಲ್ಲಿ ಗಂಟು ತರುತ್ತಾನೆ, ಗಂಟು ಒಯ್ಯುತ್ತಾನೆ; ಅವನ ಬಾಯಿಂದ ಒಂದು ಮಾತು ಬೀಳಬೇಕಾದರೆ ಅಲುಗಾಡಿಸಬೇಕು. ಆ ಕೊರತೆಯನ್ನು ಅತ್ತೆ ಬಡ್ಡಿಸಮೇತ ತುಂಬುತ್ತಾಳೆ. ಮನೆಯಲ್ಲಿ ನಾಲ್ಕನೆಯವಳು ನಾದಿನಿ. ಕಾಲೇಜು ಮುಗಿಸಿದ್ದಾಳೆ, ಎರಡು ಪರಭಾಷೆ ಬರುತ್ತವೆ, ಕೈಗೆ ಸೋಪು ತಾಗಿದರೆ ಮೂಗು ಮುರಿಯುತ್ತಾಳೆ.

ಮೂರು ವರ್ಷದ ಹಿಂದೆ ದಾರಿ ತಪ್ಪಿ ಬಂದ ಪ್ರವಾಸಿಯೊಬ್ಬ ತಲೆಯೆತ್ತಿ ಒಂದು ಫೋಟೋ ಹೊಡೆದ. ಅವತ್ತು ಯಾವುದೋ ಶಾಲೆಯ ವಾರ್ಷಿಕೋತ್ಸವದ ಪರದೆಗಳು ಒಣಗುತ್ತಿದ್ದವು. ಕೆಂಪು, ಹಳದಿ, ನವಿಲುಬಣ್ಣ; ಮೇಲೊಂದು ಚೂರು ಆಕಾಶ. ಆ ಫೋಟೋ ಎಲ್ಲೆಲ್ಲಿ ಹೋಯಿತೋ, ಜನ ಗುಂಪುಗುಂಪಾಗಿ ಬಂದರು. ಬಂದು ನೋಡಿದರೆ ಬಿಳಿ ಹಾಸುಬಟ್ಟೆ, ಬೂದು ಪ್ಯಾಂಟು, ಮೊಣಕಾಲು ಸವೆದ ಪೈಜಾಮ. ಮೋಸ ಹೋದೆವು ಎಂದು ಪ್ರವಾಸೋದ್ಯಮ ಕಚೇರಿಗೆ ದೂರು ಬರೆದರು. ಕಚೇರಿ ಫೋಟೋದ ತಪ್ಪನ್ನು ತಿದ್ದಲಿಲ್ಲ, ಬೀದಿಯನ್ನು ತಿದ್ದಿತು.

ಮೊದಲು ಹಗ್ಗಗಳು ಮೇಲೇರಿದವು. ತಲೆಯ ಎತ್ತರಕ್ಕೆ ಇದ್ದವನ್ನು ಬಿಚ್ಚಿ, ಎದುರುಬದುರು ಮನೆಗಳ ಮೇಲಿನ ಕಿಟಕಿಗಳಿಗೆ ಹನ್ನೆರಡು ಹೊಸ ನೈಲಾನ್ ಹಗ್ಗ ಬಿಗಿದರು. ಆಮೇಲೆ ಬಣ್ಣದ ಬಟ್ಟೆ ಬಂತು. ಯಾರೂ ಉಡದ, ಹೊದೆಯದ, ಬರೀ ನೇತುಹಾಕಲೆಂದೇ ಕತ್ತರಿಸಿದ ಉದ್ದುದ್ದ ತುಂಡುಗಳು. ಬೀದಿಯವರು ಅದಕ್ಕೆ ನಾಟಕದ ಬಟ್ಟೆ ಎಂದರು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದು ಹಗ್ಗದ ಮೇಲಿರಬೇಕು. ನಿಜವಾದ ಬಟ್ಟೆ ಒಣಗಿಸಲು ಬೀದಿಯ ತುದಿಯಲ್ಲಿ ತಗಡಿನ ಶೆಡ್ಡು, ಅದರೊಳಗೆ ಎರಡು ಫ್ಯಾನು. ಒಂದು ತಿರುಗುತ್ತದೆ, ಇನ್ನೊಂದು ನೋಡುತ್ತದೆ. ಮನೆಗಿಷ್ಟು ಎಂದು ತಿಂಗಳಿಗೊಂದು ಮೊತ್ತ ಬರುವಂತಾದ್ದರಿಂದ ಎಲ್ಲರೂ ಸಹಿ ಹಾಕಿದರು. ಗಂಜಿಯಕ್ಕನೂ ಹಾಕಿದಳು. ನಾದಿನಿಗೆ ಅದೇ ಬೀದಿಯನ್ನು ಬಂದವರಿಗೆ ತೋರಿಸುವ ಕೆಲಸ ಸಿಕ್ಕಿತ್ತು. ಕೊರಳಿಗೆ ಬಿಲ್ಲೆ, ಕೈಗೆ ಹಳದಿ ಕೊಡೆ. ಅವಳ ಬಿಲ್ಲೆಯನ್ನು ಅತ್ತೆ ದಿನಾ ಸೆರಗಿನಲ್ಲಿ ಒರೆಸಿ ಕೊಡುತ್ತಿದ್ದಳು.

ಮೂರು ತಿಂಗಳಲ್ಲಿ ನಾಟಕದ ಬಟ್ಟೆ ಧೂಳು ಕುಡಿದು ಸತ್ತ ಬಣ್ಣಕ್ಕೆ ತಿರುಗಿತು. ಪಾರಿವಾಳಗಳೂ ತಮ್ಮ ಕಾಣಿಕೆ ಸಲ್ಲಿಸಿದವು. ಒಗೆಯಬೇಡಿ, ವರ್ಷಕ್ಕೊಮ್ಮೆ ಹೊಸದು ಕೊಡುತ್ತೇವೆ ಎಂದು ಕಚೇರಿ ಹೇಳಿತ್ತು. ಆದರೆ ಒಗೆಯುವವರ ಮನೆ ಮುಂದೆ ಕೊಳೆ ಬಟ್ಟೆ ನೇತಾಡುವುದೆಂದರೆ ಅಡುಗೆಯವನು ಹಸಿದು ಮೂರ್ಛೆ ಹೋದಂತೆ. ಗಂಜಿಯಕ್ಕನಿಗೆ ಕಿಟಕಿ ತೆರೆದಾಗಲೆಲ್ಲ ಮೈ ಉರಿಯುತ್ತಿತ್ತು. ಸೋಮವಾರ ಬೆಳಗ್ಗೆ ತನ್ನ ಹಗ್ಗದ ನಾಲ್ಕು ತುಂಡು ಕೆಳಗೆಳೆದು ಒಗೆದೇಬಿಟ್ಟಳು.

ಕೆಟ್ಟದ್ದು ಅಲ್ಲೇ. ನಲ್ಲಿ ಬರುವುದು ದಿನಕ್ಕೆ ಎರಡೇ ಗಂಟೆ ಹೊತ್ತಾದ್ದರಿಂದ ಆ ಬೀದಿಯಲ್ಲಿ ಜಾಲಿಸಿದ ಕೊನೆಯ ನೀರನ್ನು ಯಾರೂ ಚೆಲ್ಲುವುದಿಲ್ಲ; ಮುಂದಿನ ಗಂಟು ಅದರಲ್ಲೇ ನೆನೆಯುತ್ತದೆ. ಬಣ್ಣದ ಬಟ್ಟೆ ಒಗೆಯುವವಳಾಗಿದ್ದರೆ ನೊರೆ ಸರಿಸಿ ನೀರಿನ ಬಣ್ಣ ನೋಡುತ್ತಿದ್ದಳು. ಇಪ್ಪತ್ತು ವರ್ಷ ಬಿಳಿಯನ್ನೇ ಒಗೆದ ಕೈಗೆ ಆ ಅಭ್ಯಾಸವಿರಲಿಲ್ಲ. ಬಚ್ಚಲಿನ ಹಳದಿ ಬಲ್ಬಿನ ಕೆಳಗೆ ಎಲ್ಲ ನೀರೂ ಒಂದೇ. ಆಸ್ಪತ್ರೆಯ ನಲವತ್ತು ಹಾಸುಬಟ್ಟೆಗಳನ್ನು ಅದಕ್ಕೇ ಅದ್ದಿ, ಮೇಲೆ ಕಲ್ಲು ಹೇರಿ, ಕಾಫಿ ಕುಡಿಯಲು ಹೋದಳು. ಹಿಂಡಿ ತೆಗೆದಾಗ ನಲವತ್ತೂ ಗುಲಾಬಿ.

ಮಂಗಳವಾರ ಅದನ್ನೇ ತಲೆಯ ಮೇಲೆ ಹೊತ್ತು ಆಸ್ಪತ್ರೆಗೆ ಹೋದಳು. ಮುಚ್ಚಿಡುವ ಜಾಯಮಾನ ಅವಳದಲ್ಲ. ಮೇಟ್ರನ್ ಒಂದನ್ನು ಬಿಡಿಸಿ ಕಿಟಕಿಗೆ ಹಿಡಿದಳು.

"ಇದೇನಮ್ಮ, ತೊಟ್ಟಿಲು ಶಾಸ್ತ್ರಕ್ಕೆ ಒಗೆದ್ಯಾ?"

"ತಪ್ಪಾಯ್ತು ಸಿಸ್ಟರ್. ಬಣ್ಣ ಬಿಡ್ತು."

"ಆಪರೇಷನ್ ಆದೋನು ಕಣ್ಣು ಬಿಟ್ಟು ಇದನ್ನ ನೋಡಿದ್ರೆ ತನ್ನ ರಕ್ತ ಅನ್ಕೊಂಡು ಮತ್ತೆ ಮೂರ್ಛೆ ಹೋಗ್ತಾನೆ. ಈಗಾಗ್ಲೇ ಮೂರು ತಿಂಗಳಿಂದ ನಿನ್ನ ಬಟ್ಟೆ ಮುಗ್ಗಲು ವಾಸನೆ. ಸುಮ್ಮನಿದ್ದೆ."

"ಬಿಸಿಲಿಲ್ಲ ಸಿಸ್ಟರ್."

"ನಂಗೆ ಅದೆಲ್ಲ ಹೇಳ್ಬೇಡ. ಶನಿವಾರ ಬೆಳಗ್ಗೆ ನಲವತ್ತೂ ಬೆಳ್ಳಗೆ ಬರಲಿ. ಬ್ಲೀಚಿಂಗ್ ಪೌಡರ್ ಸುರಿದು ಸುಟ್ಟುಹಾಕಿ ತಂದ್ಯೋ, ಎಳೆದು ನೋಡ್ತೀನಿ, ಹರಿದ್ರೆ ಮುಗೀತು. ಹೆದ್ದಾರಿ ಕಡೆ ಮಿಷಿನ್ ಲಾಂಡ್ರಿಯೋರು ದಿನಾ ಬಾಗಿಲಲ್ಲಿ ನಿಂತಿರ್ತಾರೆ, ಗೊತ್ತಲ್ಲ?"

ಗೊತ್ತಿತ್ತು. ಹತ್ತಿದ ಬಣ್ಣವನ್ನು ಬಟ್ಟೆ ಹರಿಯದ ಹಾಗೆ ಕೀಳುವ ದಾರಿ ಒಂದೇ ಒಂದು: ತೆಳ್ಳಗೆ ಒಗೆಯುವ ಸೋಡಾ ಕಲಸಿದ ನೀರು ಚಿಮುಕಿಸುತ್ತಾ, ಒಣಗಲು ಬಿಡದೆ, ನೆತ್ತಿಯ ಬಿಸಿಲಿಗೆ ಒಡ್ಡುವುದು. ಎರಡು ದಿನ ಬೇಕೇಬೇಕು, ಮೂರಾದರೆ ನೆಮ್ಮದಿ. ಬುಧವಾರ ಗಂಡನ ಜೊತೆ ಮಾಳಿಗೆಗೆ ಹೊತ್ತುಕೊಂಡು ಹೋಗಿ ಹಾಸಿದಳು. ಹೋಟೆಲಿನ ನೆರಳು ಗೇಣುದ್ದವೂ ಕದಲಲಿಲ್ಲ. ಸಂಜೆಗೆ ಎತ್ತಿ ನೋಡಿದರೆ ಗುಲಾಬಿ ಹಾಗೇ ನಗುತ್ತಿತ್ತು.

"ನಾಳೆ ನಾಟಕದ ಬಟ್ಟೆ ಇಳಿಸ್ತೀನಿ," ಎಂದಳು ರೊಟ್ಟಿ ಮುರಿಯುತ್ತಾ.

ನಾದಿನಿ ಎತ್ತಿದ ತುತ್ತನ್ನು ತಟ್ಟೆಗೆ ಹಾಕಿದಳು. "ಅತ್ತಿಗೆ! ನಾಳೆ ತೀರ್ಪುಗಾರರು ಬರ್ತಿದ್ದಾರೆ. ಸುಂದರ ಬೀದಿ ಸ್ಪರ್ಧೆ. ಒಂದು ತಿಂಗಳಿಂದ ಬಡ್ಕೋತಿದೀನಿ ನಿಮಗೆಲ್ಲ."

"ಬರ್ಲಿ. ನಾನೇನು ಬೀದಿ ಮಡಿಚಿ ಇಟ್ಕೋತೀನಾ?"

"ಒಂದೇ ದಿನ ತಡೀರಿ. ಶುಕ್ರವಾರ ಇಳಿಸಿ."

"ಒಂದು ದಿನದ ಬಿಸಿಲಿಗೆ ಇದು ಹೋಗಲ್ಲ ಕಣೇ."

"ನಿಮ್ಮ ನಲವತ್ತು ಹಾಸುಬಟ್ಟೆಗೋಸ್ಕರ ನನ್ನ ಕೆಲಸ ಕಳೀತೀರಾ?"

"ನಿನ್ನ ಕೆಲಸ ನನ್ನ ಬಿಸಿಲಲ್ಲಿ ನಿಂತಿದೆ. ಸ್ವಲ್ಪ ಸರಿ ಅಂತಿದೀನಿ, ಅಷ್ಟೆ."

ಅತ್ತೆ ಇಬ್ಬರ ಮುಖವನ್ನೂ ನೋಡಿದಳು. "ಇಬ್ರೂ ಗಟ್ಟಿಯಾಗಿ ಮಾತಾಡಿ. ಎದುರು ಮನೆಯೋರಿಗೆ ಅರ್ಧಂಬರ್ಧ ಕೇಳಿ ಪಾಪ ತಪ್ಪು ತಿಳ್ಕೋತಾರೆ."

ಗಂಡ ತಟ್ಟೆ ತೊಳೆದು, ಹೋಗಿ ಸೋಡಾದ ಡಬ್ಬಿ ಅಲ್ಲಾಡಿಸಿ, ಎಷ್ಟು ಉಳಿದಿದೆ ಎಂದು ನೋಡಿ ಬಂದ.

ಗುರುವಾರ ಹತ್ತೂವರೆಗೆ ಗಂಜಿಯಕ್ಕ ಮೇಲಿನ ಕಿಟಕಿ ತೆರೆದು ಹಗ್ಗದ ಗಂಟು ಬಿಚ್ಚಿ ತುದಿ ಹಿಡಿದುಕೊಂಡಳು. ಆದರೆ ಹಗ್ಗಕ್ಕೆ ಇನ್ನೊಂದು ತುದಿಯೂ ಇತ್ತು, ಅದು ಎದುರು ಮನೆಯ ಇಸ್ತ್ರಿಮಾವನ ಕಿಟಕಿಯಲ್ಲಿ. ಅವನೂ ಬಿಟ್ಟುಕೊಡದೆ ಹಗ್ಗ ಪೂರ್ತಿ ಇಳಿಯುವುದಿಲ್ಲ.

"ಮಾವಾ!"

ಇಸ್ತ್ರಿಮಾವ ಹೋಟೆಲಿನ ಅಂಗಿಯೊಂದರ ತೋಳು ನೇರ ಮಾಡುತ್ತಿದ್ದವನು ತಲೆಯೆತ್ತಿದ.

"ನಿಮ್ಮ ಕಡೆ ಗಂಟು ಬಿಚ್ತೀರೋ, ನಾನು ಹಗ್ಗ ಕತ್ತರಿಸ್ಲೋ?"

"ಇವತ್ತು ಬೇಡ ಕಣಮ್ಮ. ಹೋಟೆಲಿನೋರ ಬಟ್ಟೆ ನನ್ನ ಹೊಟ್ಟೆ. ಬೀದಿಗೆ ಬಹುಮಾನ ಬಂದ್ರೆ ಅವರಿಗೆ ಗಿರಾಕಿ, ತಪ್ಪಿದ್ರೆ ನನ್ನ ಮೇಲೆ ಸಿಟ್ಟು."

"ಆಸ್ಪತ್ರೇದು ನನ್ನ ಹೊಟ್ಟೆ. ನಿಮ್ಮದು ನಾಳೆನೂ ಇರುತ್ತೆ, ನನ್ನದು ಶನಿವಾರದ ಮೇಲೆ ಇರಲ್ಲ. ಕತ್ತರಿ ಕೈಯಲ್ಲೇ ಇದೆ ನೋಡಿ."

"ಏಯ್, ಕತ್ತರಿಸಬೇಡ್ವೇ! ಎಂಥಾ ನೈಲಾನು! ಇಂಥ ಹಗ್ಗ ಅಂಗಡೀಲಿ ಸಿಗಲ್ಲ." ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು ಗಂಟಿಗೆ ಕೈಹಾಕಿದ. "ಹಗ್ಗಕ್ಕೋಸ್ಕರ ಬಿಚ್ತಿದೀನಿ, ನಿಂಗೋಸ್ಕರ ಅಲ್ಲ. ಯಾರು ಕೇಳಿದ್ರೂ ಹಾಗೇ ಹೇಳ್ತೀನಿ."

"ಹೇಳ್ಕೊಳ್ಳಿ."

ನಾಟಕದ ಬಟ್ಟೆ ಇಳಿಯಿತು. ಗುಲಾಬಿ ಹಾಸುಬಟ್ಟೆ ನಾಲ್ಕು ಏರಿದವು. ಒಂದು ಹಗ್ಗಕ್ಕೆ ಹಿಡಿಸುವುದು ಅಷ್ಟೇ. ಉಳಿದ ಮೂವತ್ತಾರು ತೊಟ್ಟಿಯಲ್ಲಿ ಬಿದ್ದಿದ್ದವು. ಗಂಜಿಯಕ್ಕ ಬೀದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಕಿಟಕಿಗಳಲ್ಲಿ ಮುಖಗಳಿದ್ದವು, ಕೈಗಳಿರಲಿಲ್ಲ. ಬಟ್ಟೆ ಕೆಟ್ಟವರಿಗೆ ಮೊದಲ ಬಿಸಿಲು ಎಂಬ ಮಾತನ್ನು ಯಾರೂ ಮರೆತಿರಲಿಲ್ಲ. ತಿಂಗಳ ಮೊತ್ತವನ್ನೂ ಮರೆತಿರಲಿಲ್ಲ. ಬೇಡಿಕೊಳ್ಳುವುದು ಅವಳಿಗೆ ಬರುತ್ತಿರಲಿಲ್ಲ. ಸೋಡಾ ನೀರಿನ ತಂಬಿಗೆ ಹಿಡಿದು ತನ್ನ ನಾಲ್ಕಕ್ಕೆ ಚಿಮುಕಿಸತೊಡಗಿದಳು.

ಅಷ್ಟರಲ್ಲಿ ಕಾರ್ಡುಸಾಹೇಬ ಬಂದ. ಕಚೇರಿಯಲ್ಲಿ ಈ ಬೀದಿಯ ಉಸ್ತುವಾರಿ ಅವನದು. ಹೊಟ್ಟೆಯ ಮೇಲೆ ಕುಣಿಯುವ ಗುರುತಿನ ಕಾರ್ಡು ಅವನಿಗಿಂತ ಒಂದು ಹೆಜ್ಜೆ ಮುಂದೆ ನಡೆಯುತ್ತದೆ. ಹಿಂದೆ ಮೂವರು ತೀರ್ಪುಗಾರರು, ಪಕ್ಕದಲ್ಲಿ ಹಳದಿ ಕೊಡೆ ಹಿಡಿದ ನಾದಿನಿ. ನಾಲ್ಕನೇ ಮನೆಯ ಮುಂದೆ ಅವನ ಹೆಜ್ಜೆ ನಿಂತಿತು.

"ಏನಿದು? ಯಾರು ಹಾಕಿದ್ದು? ಆ ಕೊಳಕು ಬಟ್ಟೆ ಇಳಿಸಿ ಮೊದಲು!"

ತುದಿಮನೆಯ ಮುದುಕಿಗೆ ಕಿವಿ ಮಂದ. ಅವಳು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದಳು: "ಏನಂದ್ನೇ ಅವನು?"

ಅತ್ತೆ ಬಾಗಿಲಲ್ಲೇ ಕೂತು ಕಂಠ ಎತ್ತಿದಳು. "ಕೊಳಕು ಅಂದ! ನಾವು ಒಗೆದದ್ದನ್ನ ಕೊಳಕು ಅಂದ!"

"ಯಾರಿಗೆ ಅಂದ?"

"ಬೀದಿಗೇ ಅಂದ!"

ಬಣ್ಣ ತಗಲಿದೆ ಎನ್ನಬಹುದಿತ್ತು. ಕೆಟ್ಟಿದೆ ಎನ್ನಬಹುದಿತ್ತು. ಎರಡು ಸಲ ಕುದಿಸಿ, ಮೂರು ಸಲ ಜಾಲಿಸಿದ ಬಟ್ಟೆಗೆ ಆ ಒಂದು ಮಾತನ್ನು ಆ ಬೀದಿಯಲ್ಲಿ ನಿಂತು ಯಾರೂ ಆಡಬಾರದಿತ್ತು. ತುದಿಮನೆಯ ಮುದುಕಿ ಮೊದಲು ಬಿಚ್ಚಿದಳು. ಅವಳೆದುರಿನವನು ಬಿಚ್ಚಿದ. ನಾಟಕದ ಬಟ್ಟೆ ಹಗ್ಗದಿಂದ ಹಗ್ಗಕ್ಕೆ ಕೆಳಗೆ ಬೀಳುತ್ತ ಬಂತು, ಒಂದು ಹಸಿರು ತುಂಡು ಕಾರ್ಡುಸಾಹೇಬನ ಹೆಗಲ ಮೇಲೇ ಬಂದು ಕೂತಿತು. "ಅಕ್ಕಾ, ನಾಲ್ಕು ಇಲ್ಲಿ ಕೊಡಿ!" "ಇಲ್ಲಿಗೂ ನಾಲ್ಕು!" ಗಂಡ ತೊಟ್ಟಿಯಿಂದ ಎತ್ತಿ ಎತ್ತಿ ಕೊಟ್ಟ. ಮೂರು ಹಗ್ಗದವರು ಮಾತ್ರ ಕಿಟಕಿ ಮುಚ್ಚಿಕೊಂಡರು. ಅವರ ಮನೆಗಳಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿರುವವರು ಇದ್ದರು. ಅವರನ್ನು ಯಾರೂ ಕರೆಯಲಿಲ್ಲ.

ಒಂಬತ್ತು ಹಗ್ಗಕ್ಕೆ ಮೂವತ್ತಾರು. ಇನ್ನೂ ನಾಲ್ಕು ಉಳಿದವು. ಬೀದಿಯ ನಡುವೆ ಕಚೇರಿಯವರು ಪ್ರವಾಸಿಗರಿಗೆಂದು ಹೃದಯದಾಕಾರದ ದೊಡ್ಡ ಚೌಕಟ್ಟು ನಿಲ್ಲಿಸಿದ್ದರು, ಒಳಗೆ ಮುಖ ಇಟ್ಟು ಫೋಟೋ ತೆಗೆಸಿಕೊಳ್ಳಲು. ಗಂಜಿಯಕ್ಕ ಕೆಳಗಿಳಿದು ಬಂದು ಉಳಿದ ನಾಲ್ಕನ್ನೂ ಅದರ ಮೇಲೆ ಹೊದಿಸಿದಳು. ಒಳ್ಳೆಯ ಗಟ್ಟಿಮುಟ್ಟು ಕಬ್ಬಿಣ, ಒಂದಿಷ್ಟೂ ಬಾಗಲಿಲ್ಲ.

ಕಾರ್ಡುಸಾಹೇಬನ ಮುಖ ಕುದಿಯುತ್ತಿತ್ತು. "ನಿಮ್ಮೆಲ್ಲರ ಸಹಿ ನನ್ನ ಹತ್ರ ಇದೆ. ಒಂದೊಂದು ಮನೆಗೂ ನೋಟಿಸು..." ಎಂದು ಶುರು ಮಾಡಿದವನು ಪಕ್ಕಕ್ಕೆ ತಿರುಗಿ ಬಾಯಿ ಮುಚ್ಚಿದ. ತೀರ್ಪುಗಾರರಲ್ಲೊಬ್ಬ ಹೆಂಗಸು ಕ್ಯಾಮೆರಾ ಎತ್ತಿದ್ದಳು. ಬಿಸಿಲು ಆಗಷ್ಟೇ ಹಗ್ಗಗಳ ಮೇಲೆ ಇಳಿದಿತ್ತು. ಒದ್ದೆ ಹಾಸುಬಟ್ಟೆಗಳ ಮೂಲಕ ಅದು ಹಾದು ಬರುತ್ತಿದ್ದಂತೆ ಇಡೀ ಬೀದಿ, ಗೋಡೆ, ಕಲ್ಲು, ಜನರ ಮುಖ ಎಲ್ಲವೂ ಎಳೆ ಗುಲಾಬಿಯಾಗಿತ್ತು. ಆಕೆ ತನ್ನ ಭಾಷೆಯಲ್ಲಿ ಏನೋ ಉದ್ಗರಿಸಿದಳು. ಉಳಿದಿಬ್ಬರೂ ತಲೆದೂಗಿದರು.

ಕಾರ್ಡುಸಾಹೇಬ ಹೆಗಲ ಮೇಲಿನ ಹಸಿರು ತುಂಡನ್ನು ತೆಗೆದು ಮಡಿಚಿದ. ದನಿಗೆ ಬೆಣ್ಣೆ ಬಂತು. "ಅಕ್ಕಾ, ಮೊದಲೇ ಹೇಳೋದಲ್ವಾ? ಚೆನ್ನಾಗೇ ಇದೆ. ಗುಲಾಬಿ ಬೀದಿ ಅಂತ ಬೋರ್ಡು ಹಾಕೋಣ. ಇದನ್ನೇ ಖಾಯಂ ಇಟ್ಬಿಡಿ."

"ಎರಡು ಗಂಟೆಗೆ ಬನ್ನಿ. ಗುಲಾಬಿ ಅರ್ಧ ಹೋಗಿರುತ್ತೆ. ನಾಳೆ ಪೂರ್ತಿ."

"ಅದೇ ಬೇಡ ಅಂತಿರೋದು. ಆ ನೀರು ಹಾಕೋದು ನಿಲ್ಸಿ. ಬಣ್ಣ ಉಳೀಲಿ."

ಗಂಜಿಯಕ್ಕ ತಂಬಿಗೆ ತುಂಬಿಕೊಂಡಳು. "ಬಣ್ಣ ಬೇಕಿದ್ರೆ ನಿಮ್ಮ ಅಂಗಿ ಬಿಚ್ಚಿ ನೇತುಹಾಕಿ ಸಾಹೇಬ್ರೇ, ನೀಲಿ ಚೆನ್ನಾಗಿದೆ. ಇದು ಹೆತ್ತವರು, ಸೀಳಿಸಿಕೊಂಡವರು, ಸಾಯೋರು ಮಲಗೋ ಬಟ್ಟೆ. ನಿಮ್ಮ ಬೋರ್ಡಿಗಲ್ಲ." ಮತ್ತು ಚೌಕಟ್ಟಿನ ಮೇಲಿನ ನಾಲ್ಕಕ್ಕೆ ಬೀಸಿ ಎರಚಿದಳು. ಅರ್ಧ ನೀರು ಬಟ್ಟೆಗೆ ಬಿತ್ತು, ಅರ್ಧ ಅವನ ಬೂಟಿಗೆ.

ಇಸ್ತ್ರಿಮಾವ ಕಿಟಕಿಯಿಂದ ಹೇಳಿದ: "ಸೋಡಾ ನೀರು ಸಾರ್. ತೊಗಲು ಸುಕ್ಕಾಗತ್ತೆ, ಬೇಗ ಒರೆಸ್ಕೊಳ್ಳಿ."

ಆ ತೀರ್ಪುಗಾರ್ತಿ ಗಂಜಿಯಕ್ಕನ ಹತ್ತಿರ ಬಂದು ಏನೋ ಕೇಳಿದಳು. ಎಲ್ಲರೂ ನಾದಿನಿಯ ಕಡೆ ನೋಡಿದರು.

"ಯಾಕೆ ನೀರು ಹಾಕ್ತಿದೀರಿ ಅಂತ ಕೇಳ್ತಿದ್ದಾರೆ," ಎಂದಳು ನಾದಿನಿ, ಅತ್ತಿಗೆಯ ಮುಖ ನೋಡದೆ.

"ನಾನು ಮಾಡಿದ ತಪ್ಪು ತೊಳೀತಿದೀನಿ ಅನ್ನು. ಆಸ್ಪತ್ರೇಗೆ ಶನಿವಾರ ಕೊಡಬೇಕು ಅನ್ನು. ದಿನಾ ಇಲ್ಲಿರೋ ಬಣ್ಣದ ಬಟ್ಟೆ ನಮ್ಮದಲ್ಲ, ಇವರು ತಂದು ಕಟ್ಟಿದ್ದು, ಅದನ್ನ ಯಾರೂ ಉಡಲ್ಲ ಅನ್ನು."

"ಅದೆಲ್ಲ ಬೇಡ," ಎಂದ ಕಾರ್ಡುಸಾಹೇಬ ಮೆಲ್ಲಗೆ. "ಇದು ಇಲ್ಲಿನ ಹಳೇ ಪದ್ಧತಿ ಅಂತ ಹೇಳು ಸಾಕು."

ನಾದಿನಿ ಕೊಡೆಯ ಹಿಡಿಯನ್ನು ಎರಡು ಸಲ ತಿರುಗಿಸಿದಳು. ಆಮೇಲೆ ಮಾತಾಡಿದಳು. ಗಂಜಿಯಕ್ಕನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ; ಆದರೆ ಹಳೇ ಪದ್ಧತಿ ಎನ್ನಲು ಅಷ್ಟು ಉದ್ದ ಮಾತು ಬೇಕಿಲ್ಲ ಎಂಬುದು ತಿಳಿಯಿತು. ಕೇಳುತ್ತ ಕೇಳುತ್ತ ತೀರ್ಪುಗಾರ್ತಿ ಕ್ಯಾಮೆರಾವನ್ನು ಚೀಲದೊಳಗಿಟ್ಟಳು. ಕಾರ್ಡುಸಾಹೇಬನಿಗೆ ಆ ಭಾಷೆ ಬರುತ್ತಿತ್ತು. ಅವನು ಕೈಚಾಚಿದ. ನಾದಿನಿ ತಾನೇ ಬಿಲ್ಲೆ ಕಳಚಿ ಅವನ ಅಂಗೈಗೆ ಇಟ್ಟಳು. ಹಳದಿ ಕೊಡೆಯನ್ನೂ ಕೊಟ್ಟಳು, ಮಡಿಚಿ.

ಅವತ್ತು ಮನೆಯಲ್ಲಿ ಅವಳು ಅತ್ತಿಗೆಯ ಜೊತೆ ಮಾತಾಡಲಿಲ್ಲ. ಅತ್ತೆ ಒಬ್ಬಳೇ ಮೂವರ ಪಾಲಿನದು ಆಡಿದಳು. ಮಗಳ ಕೆಲಸ ಹೋಯಿತೆಂದು ಅಳುತ್ತಲೇ, ನೀರು ಎರಚಿದ್ದನ್ನು ತುದಿಮನೆಗೆ ಹೋಗಿ ಎರಡು ಸಲ ಅಭಿನಯಿಸಿ ತೋರಿಸಿ ಬಂದಳು. ಶುಕ್ರವಾರ ಬಿಸಿಲು ಚುರುಕಾಗಿತ್ತು. ಹನ್ನೊಂದಕ್ಕೆ ಗಂಜಿಯಕ್ಕ ಕೆಳಗಿಳಿದಾಗ ನಾದಿನಿ ಆಗಲೇ ತಂಬಿಗೆ ಹಿಡಿದು ನಿಂತಿದ್ದಳು, ಮೂಗು ಮುರಿದುಕೊಂಡೇ.

"ನಿನ್ನ ಕೆಲಸ ನನ್ನಿಂದ ಹೋಯ್ತು," ಎಂದಳು ಗಂಜಿಯಕ್ಕ.

"ನಿಮ್ಮಿಂದ ಯಾಕೆ? ಹೇಳಿದ್ದು ನನ್ನ ಬಾಯಿ. ಎಲ್ಲದಕ್ಕೂ ನೀವೇ ಹೆಸರು ತಗೋಬೇಡಿ."

ಶನಿವಾರ ಬೆಳಗ್ಗೆ ಮೇಟ್ರನ್ ನಲವತ್ತನ್ನೂ ಒಂದೊಂದಾಗಿ ಬಿಡಿಸಿದಳು, ಎರಡು ಕೈಯಲ್ಲಿ ಹಿಡಿದು ಎಳೆದಳು, ಮೂಸಿದಳು. ಒಂದೂ ಹರಿಯಲಿಲ್ಲ. ಮೂವತ್ತೆಂಟು ಹಾಲಿನ ಹಾಗಿದ್ದವು. ಎರಡರ ಅಂಚಿನಲ್ಲಿ ಉಗುರಿನಷ್ಟು ಗುಲಾಬಿ ಉಳಿದಿತ್ತು.

"ಇದು?"

"ಹೋಗ್ಲಿಲ್ಲ ಸಿಸ್ಟರ್. ಇನ್ನೊಂದು ದಿನದ ಬಿಸಿಲು ಬೇಕು."

"ಅದನ್ನೂ ನಾನೇ ಕೊಡ್ಬೇಕಾ?"

"ಬೇಡ. ಬಿಸಿಲು ನಮ್ಮದೇ. ವಾಪಸ್ ತಗೊಂಡಿದೀವಿ."

ಮೇಟ್ರನ್ ಆ ಎರಡನ್ನು ಮುದುರಿ, ಮೂಲೆಯಲ್ಲಿದ್ದ ಆವತ್ತಿನ ಮೈಲಿಗೆ ಗಂಟಿನ ಮೇಲೆ ಎಸೆದು, ಗಂಟನ್ನು ಕಾಲಲ್ಲಿ ಅವಳ ಕಡೆ ತಳ್ಳಿದಳು. "ಸೋಮವಾರಕ್ಕೆ. ವಾಸನೆ ಬಂದ್ರೆ ನೋಡು."

ಗಂಟು ಹೊತ್ತು ಬೀದಿಗೆ ತಿರುಗಿದರೆ ಏಣಿಗಳು ನಿಂತಿದ್ದವು. ಕಚೇರಿಯ ಆಳುಗಳು ಹನ್ನೆರಡು ನೈಲಾನ್ ಹಗ್ಗವನ್ನೂ ಬಿಚ್ಚಿ ಸುತ್ತುತ್ತಿದ್ದರು. ಮೂಟೆ ಕಟ್ಟಿದ ನಾಟಕದ ಬಟ್ಟೆ, ಹೃದಯದ ಚೌಕಟ್ಟು ಎಲ್ಲ ಗಾಡಿ ಏರಿದ್ದವು. ಹಿಂದಿನ ಬೀದಿಗಂತೆ. ಅಲ್ಲಿ ಬರೀ ಗೋದಾಮುಗಳು, ಯಾರೂ ವಾಸವಿಲ್ಲ, ಯಾರೂ ಒಗೆಯುವುದಿಲ್ಲ. ಇನ್ನು ಮೇಲೆ ನಕ್ಷೆಯಲ್ಲಿ ಒಗೆಯುವವರ ಬೀದಿ ಎಂದರೆ ಅದೇ. ತಿಂಗಳ ಮೊತ್ತವೂ ನಿಂತಿತು ಎಂದು ಏಣಿಯವನು ಹೇಳಿದ. ಕಿಟಕಿ ಮುಚ್ಚಿಕೊಂಡಿದ್ದ ಮನೆಗಳವರು ಗಂಜಿಯಕ್ಕನನ್ನು ಬಾಯಿಗೆ ಬಂದಂತೆ ಬೈದರು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಅಷ್ಟು ಅವಳಿಂದ ಅವರಿಗೆ ಸಲ್ಲಬೇಕಾದ ಬಾಕಿ. ಇಸ್ತ್ರಿಮಾವ ಮಾತ್ರ ಹಗ್ಗಕ್ಕೆ ಶೋಕಿಸುತ್ತಿದ್ದ.

"ಅಯ್ಯೋ, ಎಂಥಾ ನೈಲಾನು!"

"ನಾರಿನ ಹಗ್ಗ ಇದೆ ಮಾವ, ಸತ್ತಿಲ್ಲ. ಒಂದು ತುದಿ ಹಿಡೀರಿ."

ಮೇಲಿನ ಕಿಟಕಿಗಲ್ಲ, ಬಾಗಿಲ ಪಕ್ಕದ ಹಳೆಯ ಕೊಕ್ಕೆಗೆ ಕಟ್ಟಿದರು, ತಲೆಯ ಎತ್ತರಕ್ಕೆ. ಅಲ್ಲಿಂದಾದರೆ ಕಿಟಕಿಗೆ ಓಡದೆ ಅಂಗಳದಲ್ಲೇ ನಿಂತು ನೀರು ಹಾಕಬಹುದು, ಮಗುಚಬಹುದು. ಹನ್ನೊಂದೂಕಾಲಿಗೆ ಬೀದಿಯ ಅಡ್ಡಕ್ಕೆ ಹಾಸುಬಟ್ಟೆ, ಪ್ಯಾಂಟು, ಲಂಗ, ಕೂಸಿನ ಬಟ್ಟೆ. ಇನ್ನೂ ಹಳೆಯ ನಕ್ಷೆ ಹಿಡಿದಿದ್ದ ಪ್ರವಾಸಿಗರ ಗುಂಪೊಂದು ಬಂದು ಒದ್ದೆ ಹಾಸುಬಟ್ಟೆಯ ಎದುರು ನಿಂತಿತು. ಅದನ್ನು ಯಾರಾದರೂ ಎತ್ತಿ ದಾರಿ ಕೊಡುತ್ತಾರೆಂದು ಕಾದರು. ಗಂಜಿಯಕ್ಕ ಗುಲಾಬಿ ಉಳಿದಿದ್ದ ಆ ಎರಡರ ಅಂಚಿಗೆ ಸೋಡಾ ಹಚ್ಚುತ್ತಿದ್ದಳು, ತಲೆಯೆತ್ತಲಿಲ್ಲ.

ಒಬ್ಬ ಏನೋ ಕೇಳಿದ. ನಾದಿನಿ ಹಿಂಡುತ್ತಿದ್ದ ಬಟ್ಟೆಯನ್ನು ಬಿಡದೆ ಅವನ ಭಾಷೆಯಲ್ಲೇ ಎರಡು ಮಾತು ಹೇಳಿದಳು. ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಟೋಪಿ ತೆಗೆದು, ಬೆನ್ನು ಬಗ್ಗಿಸಿ, ತೊಟ್ಟಿಕ್ಕುವ ಬಟ್ಟೆಗಳ ಕೆಳಗೆ ನುಸುಳಿಕೊಂಡು ಬಂದರು.

"ಏನಂದ್ಯೇ ಅವರಿಗೆ?" ಎಂದಳು ಅತ್ತೆ.

"ಬಗ್ಗಿ ಬನ್ನಿ ಅಂದೆ."